ಗಡ್ಡದ ಹೆಪ್ಪು

ಮುತ್ತುರಾಜನ ಕನ್ನಡಿಯೊಳಗೆ ಮೊದಲು ಗಡ್ಡ ಬಂದು ಕೂತಿತು. ಡಾಕ್ಟರ್ ಮರುಳಸಿದ್ದಪ್ಪ ಅದರ ಹಿಂದೆ ಬಂದ. ಅದು ಅಂತಿಂಥ ಗಡ್ಡವಲ್ಲ. ಬಿಟಿಎಂ ಲೇಔಟಿನಿಂದ ಅರೆಕೆರೆಯವರೆಗೆ ಅದನ್ನು ಕಂಡು ದಾರಿ ಬಿಡದ ಆಟೊ ಇರಲಿಲ್ಲ. ಜಯನಗರದ ಮಾರ್ಕೆಟ್ಟಿನಲ್ಲಿ ಹೂವಿನವಳು ಅದು ಯಾವುದೋ ಮಠಕ್ಕೆ ಸೇರಿದ್ದೆಂದು ತಿಳಿದು ಮೊಳಕ್ಕೊಂದು ಗೇಣು ಹೆಚ್ಚು ಹಾಕುತ್ತಿದ್ದಳು. ಸ್ಕೂಟರ್ ಸ್ವಲ್ಪ ವೇಗ ಹಿಡಿದರೆ ಅದು ಅವನ ಭುಜದ ಮೇಲಿಂದ ಹಿಂದಕ್ಕೆ ಹಾರಿ ಹೆಂಡತಿ ಅಂಜನಾಳ ಮುಖ ಮುಚ್ಚುತ್ತಿದ್ದುದರಿಂದ ಅವಳು ಎಷ್ಟೋ ವರ್ಷದಿಂದ ಬನ್ನೇರುಘಟ್ಟ ರಸ್ತೆಯನ್ನೇ ನೋಡಿರಲಿಲ್ಲ. ಅಷ್ಟು ದೊಡ್ಡ ಗಡ್ಡದ ಹಿಂದೆ ಇಷ್ಟು ಸಣ್ಣ ಮನುಷ್ಯನಿದ್ದಾನೆಂಬ ಅನುಮಾನ ಊರಲ್ಲಿ ಯಾರಿಗೂ ಬಂದಿರಲಿಲ್ಲ, ಅವನೊಬ್ಬನನ್ನು ಬಿಟ್ಟು. ಅವನಿಗಂತೂ ಆ ಅನುಮಾನ ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ಮಲಗುವವರೆಗೂ ಜೊತೆಗಿರುತ್ತಿತ್ತು.

“ತುದಿ ಮಾತ್ರ ತೆಗೀಲಾ ಸಾರ್, ಯಾವಾಗ್ಲಿನ ಹಾಗೆ?”

“ಪೂರ್ತಿ.”

“ಪೂರ್ತಿ ಅಂದ್ರೆ?”

“ಪೂರ್ತಿ ಅಂದ್ರೆ ಪೂರ್ತಿ ಮುತ್ತುರಾಜ. ಕೆನ್ನೆ ಕಾಣ್ಬೇಕು. ಮೀಸೇನೂ ಬೇಡ.”

ಕತ್ತರಿ ಗಾಳಿಯಲ್ಲೇ ನಿಂತಿತು. ಪಕ್ಕದ ಕುರ್ಚಿಯಲ್ಲಿ ನೊರೆ ಮೆತ್ತಿಸಿಕೊಂಡು ಕೂತಿದ್ದವನು ಕೂಡ ನೊರೆಯ ಸಮೇತ ಈ ಕಡೆ ತಿರುಗಿದ.

“ಮನೇಲಿ ಯಾರಾದ್ರೂ... ಸಾರ್?”

“ಏ, ಯಾರೂ ಹೋಗಿಲ್ಲಪ್ಪ. ನಮ್ಮಲ್ಲಿ ಹೋದ್ರೂ ಬೋಳಿಸಲ್ಲ.”

“ಮತ್ತೆ ಹರಕೇನಾ? ಹರಕೆ ಕೂದ್ಲು ಬೆಟ್ಟಕ್ಕೇ ಹೋಗಿ ಕೊಡ್ಬೇಕು ಸಾರ್. ಸುದ್ದಗುಂಟೆಪಾಳ್ಯದಲ್ಲಿ ಕೊಟ್ರೆ ಸ್ವಾಮಿ ಲೆಕ್ಕಕ್ಕೆ ತಗೊಳಲ್ಲ.”

“ಪ್ರಯೋಗ ಕಣಯ್ಯ. ಸೈನ್ಸು.”

ಆ ಮಾತು ಹೊರಬಿದ್ದಾಗ ಅವನ ಎದೆ ಒಂದು ಅಂಗುಲ ಉಬ್ಬಿತು. ಮೊದಲ ಹಿಡಿ ಕಚಕ್ಕೆಂದು ಕತ್ತರಿಗೆ ಸಿಕ್ಕಿ ಮಡಿಲಿನ ಬಟ್ಟೆಯ ಮೇಲೆ ಸತ್ತ ಬೆಕ್ಕಿನಂತೆ ಬಿದ್ದದ್ದೇ ತಡ, ಉಬ್ಬಿದ್ದು ಇಳಿದುಹೋಯಿತು. ಈಗಲೂ ನಿಲ್ಲಿಸು ಎನ್ನಬಹುದು. ಅರ್ಧ ಗಡ್ಡದಲ್ಲೂ ಸಾಕಷ್ಟು ಧೂಳಿರುತ್ತದೆ, ಅರ್ಧ ಗಡ್ಡದಿಂದಲೂ ಕಂಪನಿ ಬದುಕಬಹುದು. ನಿನ್ನೆ ಸಂಜೆ ಕಾರಿಡಾರಿನಲ್ಲಿ ಮೇಘಶ್ರೀ ಅವನ ಹಿಂದೆಯೇ ಓಡಿಬಂದು, ಎಷ್ಟು ವಿನಯದಿಂದ, ಯಾರ ಕಿವಿಗೂ ಬೀಳದಂತೆ ಎಷ್ಟು ಮೆಲ್ಲಗೆ ಹೇಳಿದ್ದಳು: “ಸಾರ್, ಒಂದ್ ರಿಕ್ವೆಸ್ಟ್. ನಾಳೆ ಸ್ನಾನ ಮಾಡಿದ್ರೂ ಗಡ್ಡ ಮಾತ್ರ ತೊಳೀಬೇಡಿ. ಎಣ್ಣೆ ಗಿಣ್ಣೆ ಹಚ್ಚಬೇಡಿ. ಹಾಗೇ ಬನ್ನಿ ಸಾರ್, ಪ್ಲೀಸ್.” ಅವಳು ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅವನ ಮೇಲಿನ ಅಧಿಕಾರಿ, ಒಳ್ಳೆಯವಳು. ಕೆಟ್ಟವಳಾಗಿದ್ದರೆ ಅವನು ರಾತ್ರಿ ನಿದ್ದೆ ಮಾಡಿರುತ್ತಿದ್ದ. ಕೆಟ್ಟವರು ಅವಮಾನ ಮಾಡಿದರೆ ಅದು ಅವರ ಕೆಟ್ಟತನವಾಯಿತು. ಒಳ್ಳೆಯವರು ಮಾಡಿದರೆ ಅದು ನಿಜವೇ ಇರಬೇಕು.

“ಗಡ್ಡದಿಂದ ಏನ್ ಪ್ರಯೋಗ ಸಾರ್ ಮಾಡ್ತೀರ?” ಮುತ್ತುರಾಜ ಕೇಳಿದ.

“ಮನೇಲಿ ಮೊಸರು ಹೇಗೆ ಮಾಡ್ತೀಯ?”

“ಹಾಲಿಗೆ ಹೆಪ್ಪು ಹಾಕಿ.”

“ಹೆಪ್ಪಿಲ್ಲ ಅಂದ್ರೆ?”

“ಪಕ್ಕದ ಮನೇಲಿ ಕೇಳೋದು.”

“ಪಕ್ಕದ ಮನೇಲೂ ಇಲ್ಲ. ಇಡೀ ಪ್ರಪಂಚದಲ್ಲೇ ಇಲ್ಲ. ಆಗ?”

“ಆಗ ಅಂಗಡೀಲಿ ಪ್ಯಾಕೆಟ್ ತರೋದು ಸಾರ್.”

“ನಾವು ಮಾಡೋ ಔಷಧಿಗೆ ಪ್ಯಾಕೆಟ್ಟಿಲ್ಲ. ಹರಳಾಗ್ಬೇಕು ಅಂದ್ರೆ ಹೆಪ್ಪಿನ ಹಾಗೆ ಒಂದು ಕಣ ಅದರೊಳಗೆ ಬೀಳ್ಬೇಕು. ಆ ಕಣ ನನ್ನ ಗಡ್ಡದಲ್ಲಿದೆ ಅಂತಾರೆ ನಮ್ಮ ಆಫೀಸಲ್ಲಿ.”

ಮುತ್ತುರಾಜ ಕೈ ಹಿಂದಕ್ಕೆಳೆದುಕೊಂಡು ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡಿದ. “ಅಂಟುಜಾಡ್ಯ ಅಲ್ಲ ತಾನೆ ಸಾರ್?”

ಅಂಟು. ಮರುಳಸಿದ್ದಪ್ಪನ ಇಡೀ ಆಯುಷ್ಯ ಆ ಒಂದು ಮಾತಿನಲ್ಲಿ ಹಿಡಿಸುತ್ತಿತ್ತು. ಪಾಲಿಮರುಗಳ ಸಂಶೋಧಕನೆಂದರೆ ಯಾರು? ಸಣ್ಣ ಅಣುಗಳನ್ನು ಒಂದಕ್ಕೊಂದು ಪೋಣಿಸಿ ಸರಮಾಡಲು ಹೋಗಿ, ಸಂಜೆಯ ಹೊತ್ತಿಗೆ ಫ್ಲಾಸ್ಕಿನ ತಳದಲ್ಲಿ ಒಂದು ಮುದ್ದೆ ಅಂಟನ್ನು ಕಂಡು, ಅದನ್ನು ತೊಳೆಯಲಾಗದೆ ಫ್ಲಾಸ್ಕನ್ನೇ ಬಿಸಾಡುವವನು. ಅವನು ಬಿಸಾಡಿದ ಫ್ಲಾಸ್ಕುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಜೆ.ಪಿ. ನಗರಕ್ಕೂ ಒಂದು ಬೆಟ್ಟ ಆಗುತ್ತಿತ್ತು, ಅದರ ಮೇಲೊಂದು ಗುಡಿಯೂ ಏಳುತ್ತಿತ್ತು. ಆಮೇಲೆ ಪಾಲಿಮರಿನ ಕಾಲ ಮುಗಿದು ಔಷಧಿಯ ಕಾಲ ಬಂತು. ಕೀಲುನೋವಿಗೆ ವಾರಕ್ಕೊಂದೇ ಮಾತ್ರೆ ನುಂಗಿದರೆ ಸಾಕಾಗುವಂಥ ಔಷಧಿ. ಮದ್ದಿನ ಅಣುವಿಗೊಂದು ಪಾಲಿಮರಿನ ಬಾಲ ಕಟ್ಟಿದರೆ ಅದು ಹೊಟ್ಟೆಯಲ್ಲಿ ಸರ್ಕಾರಿ ಕಡತದಂತೆ ನಿಧಾನವಾಗಿ ಕರಗುತ್ತದೆಂಬುದು ಅವನದೇ ಯೋಚನೆ. ಬಾಲವೇನೋ ಕಟ್ಟಿಯಾಯಿತು. ಆದರೆ ಆ ಮದ್ದು ಹರಳಾಗಲೊಲ್ಲದು. ಹರಳಾಗದಿದ್ದರೆ ಅದನ್ನು ಶುದ್ಧ ಮಾಡುವಂತಿಲ್ಲ, ಪುಡಿ ಮಾಡುವಂತಿಲ್ಲ, ಮಾತ್ರೆ ಒತ್ತುವಂತಿಲ್ಲ. ಎರಡು ವರ್ಷ ಅದು ಹಲಸಿನ ಮೇಣದ ಹಾಗೆಯೇ ಕೂತಿತ್ತು. ಅರೆಕೆರೆಯ ಲ್ಯಾಬಿನಲ್ಲಿ ಎಲ್ಲರೂ ಗಾಜಿನ ಕಡ್ಡಿ ಹಿಡಿದು ಫ್ಲಾಸ್ಕಿನ ಒಳಮೈಯನ್ನು ಕೆರೆದರು. ಹರಳು ಬಾರದಿದ್ದಾಗ ಕೆಮಿಸ್ಟರಾದವರು ಮಾಡುವ ಕಟ್ಟಕಡೆಯ ಪೂಜೆ ಅದು. ಆ ಕೀರಲು ಸದ್ದಿಗೆ ಅರೆಕೆರೆಯ ನಾಯಿಗಳೆಲ್ಲ ಊರು ಬಿಟ್ಟು ಹುಳಿಮಾವಿಗೆ ಹೋದವು. ಹರಳು ಬರಲಿಲ್ಲ.

ಬಂದದ್ದು ಅವನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕಂಡುಕೊಂಡ ಉಪಾಯದಿಂದ. ಅವನ ಲೆಕ್ಕದಲ್ಲಂತೂ ಹಾಗೆಯೇ. ಮುಂದಿನ ಬಸ್ಸು ಎರಡು ಮಾರು ಮುಂದೆ ಹೋಗುತ್ತಿತ್ತು, ಒಂದು ಮಾರು ಹಿಂದೆ ಜಾರುತ್ತಿತ್ತು, ಮತ್ತೆ ಎರಡು ಮಾರು ಮುಂದೆ. ಹಾಗೆ ಹೋಗುತ್ತ ಹೋಗುತ್ತ ದಿಕ್ಕಾಪಾಲಾಗಿದ್ದ ಗಾಡಿಗಳೆಲ್ಲ ತಂತಾನೇ ಸಾಲು ಹಿಡಿದು ನಿಂತುಬಿಟ್ಟಿದ್ದವು. ಅಣುಗಳೂ ಹೀಗೆಯೇ! ದ್ರಾವಣವನ್ನು ಸ್ವಲ್ಪ ತಣಿಸಬೇಕು, ತಣಿಸಿದ್ದರ ಅರ್ಧದಷ್ಟು ಬಿಸಿ ಮಾಡಬೇಕು, ಮತ್ತೆ ತಣಿಸಬೇಕು. ಮರುದಿನ ಹಾಗೆ ಮಾಡಿ, ಫ್ಲಾಸ್ಕಿನ ಬಾಯಿಯ ಮೇಲೆ ಬಗ್ಗಿ ಒಳಗಿಣುಕಿದಾಗ, ಕಣ್ಣ ಮುಂದೆಯೇ ಬಿಳಿ ಹರಳು ಅರಳಿತು. ಅದಕ್ಕೆ ಅವನು “ಮರುಳಸಿದ್ದಪ್ಪ ಇಳಿತ” ಎಂದು ಹೆಸರಿಟ್ಟ. ಆ ಹೆಸರನ್ನು ಇವತ್ತಿನವರೆಗೆ ಅವನೊಬ್ಬನೇ ಬಳಸಿದ್ದಾನೆ. ಉಳಿದವರ ಕಣ್ಣಿಗೆ ಬಿದ್ದದ್ದು ಅವನು ತಣಿಸಿದ ಕ್ರಮವಲ್ಲ, ಬಗ್ಗಿದ ಭಂಗಿ. ಗಡ್ಡದ ಕೆಮಿಸ್ಟ್ ಬಗ್ಗಿದರೆ ಅದರಿಂದ ಉದುರುವ ಧೂಳೇ ಹೆಪ್ಪಾಗುತ್ತದೆ ಎಂಬುದು ಲ್ಯಾಬುಗಳ ಹಳೆಯ ಮಾತು, ಪೂರ್ತಿ ಸುಳ್ಳೂ ಅಲ್ಲ. ಇವನ ಗಡ್ಡದಲ್ಲಿ ಅಷ್ಟು ವರ್ಷದ ಪಾಲಿಮರಿನ ಧೂಳಿದೆ, ಅದೇ ಉದುರಿದ್ದು ಎಂದರು. ಆಮೇಲೆ ಬೇರೆ ಗುಂಪಿನವರು ಕೂಡ ತಮ್ಮ ಹರಳಾಗದ ಫ್ಲಾಸ್ಕುಗಳನ್ನು ಎತ್ತಿಕೊಂಡು, ಮಗುವಿಗೆ ಆಶೀರ್ವಾದ ಮಾಡಿಸುವವರ ಹಾಗೆ ಅವನ ಟೇಬಲ್ಲಿಗೆ ಬರತೊಡಗಿದರು. “ಒಂದ್ನಿಮಿಷ ಬಂದು ನಿಂತ್ಕೊಳ್ಳಿ ಸಾರ್, ಏನೂ ಮಾಡ್ಬೇಡಿ, ಸುಮ್ನೆ ನಿಂತ್ಕೊಳ್ಳಿ ಸಾಕು.” ಅವನು ಹೋಗಿ ನಿಲ್ಲುತ್ತಿದ್ದ. ನಿಂತು ಬಂದ ಮೇಲೆ ಊಟ ಸೇರುತ್ತಿರಲಿಲ್ಲ.

ರೇಜರು ಎಡಗೆನ್ನೆಯಿಂದ ಇಳಿಯುತ್ತಿತ್ತು. ತಣ್ಣಗೆ, ಯಾವುದೋ ಪರಿಚಯವಿಲ್ಲದ ಮನುಷ್ಯನ ಕೆನ್ನೆ ಕಾಣಿಸಿಕೊಳ್ಳುತ್ತಿತ್ತು. ಇವತ್ತು ಜೆ.ಪಿ. ನಗರದಲ್ಲಿ ಕಂಪನಿಯ ಹೊಸ ಲ್ಯಾಬಿನ ಮೊದಲ ದಿನ. ಗೋಡೆಗೆ ಹೊಡೆದ ಬಣ್ಣ ಇನ್ನೂ ವಾಸನೆ ಬರುತ್ತಿದೆ, ಫ್ಲಾಸ್ಕುಗಳು ಡಬ್ಬಿ ಬಿಚ್ಚಿದ್ದು ನಿನ್ನೆ. ಅರೆಕೆರೆಯ ಲ್ಯಾಬಿನಲ್ಲಿ ಈಗ ಗಾಳಿಯ ತುಂಬ ಹರಳಿನ ಧೂಳು, ಅಲ್ಲಿ ಎಮ್ಮೆ ಬಂದು ನಿಂತರೂ ಹರಳು ಬರುತ್ತದೆ. ಆದ್ದರಿಂದಲೇ ಮದ್ದನ್ನು ಕೊಳ್ಳಲಿರುವ ದೊಡ್ಡ ಕಂಪನಿಯವರು ಹಟ ಹಿಡಿದಿದ್ದರು: ಆ ಹರಳಿನ ಒಂದು ಕಣವೂ ಎಂದೂ ಸೋಕದ ಕೋಣೆಯಲ್ಲಿ, ನಮ್ಮ ಮನುಷ್ಯನ ಎದುರಿಗೆ ಮಾಡಿ ತೋರಿಸಿ. ಬಂದರೆ ಸಹಿ, ಇಲ್ಲದಿದ್ದರೆ ಇಲ್ಲ. ಸಹಿ ಇಲ್ಲದಿದ್ದರೆ ಹೊಸ ಲ್ಯಾಬಿಗೂ ಬೀಗ, ಅವನ ಗುಂಪಿನವರೆಲ್ಲ ಮನೆಗೆ. ಇಂದು ಹರಳು ಬಂದರೆ ಕಂಪನಿ ಉಳಿಯುತ್ತದೆ. ಗಡ್ಡವಿಲ್ಲದೆ ಬಂದರೆ ಅವನೂ ಉಳಿಯುತ್ತಾನೆ. ಗಡ್ಡವಿಟ್ಟುಕೊಂಡು ಹೋಗಿ ಹರಳು ಬಂದರೆ ಉಳಿಯುವುದು ಗಡ್ಡ ಮಾತ್ರ. ಅದಕ್ಕೇ ಪ್ರಮೋಷನ್ ಕೊಡಲಿ, ಅದಕ್ಕೇ ಶಾಲು ಹೊದಿಸಲಿ. ರಾತ್ರಿಯೆಲ್ಲ ಅವನು ಈ ನಾಲ್ಕು ವಾಕ್ಯಗಳನ್ನೇ ತಿರುಗಿಸಿ ಮುರುಗಿಸಿ ನೋಡಿದ್ದ. ಅಂಜನಾ ಮಗ್ಗುಲು ಬದಲಿಸುತ್ತ, “ಮಲಗ್ರೀ, ಗಡ್ಡ ಕೆರೆಯೋ ಸದ್ದಿಗೆ ಇಲಿ ಬಂತು ಅಂದ್ಕೊಂಡೆ” ಎಂದಿದ್ದಳು.

ಬಲಗೆನ್ನೆಯೂ ಮುಗಿದು ರೇಜರು ಗದ್ದಕ್ಕೆ ಬಂದಾಗ ಮುತ್ತುರಾಜ ಒಂದು ಕ್ಷಣ ತಡವರಿಸಿದ, ಯಾಕೆಂದರೆ ಅಲ್ಲಿ ಗದ್ದವೇ ಇರಲಿಲ್ಲ. ತುಟಿಯ ಕೆಳಗೆ ನೇರವಾಗಿ ಕುತ್ತಿಗೆ ಶುರುವಾಗಿತ್ತು. ಇದು ಮರುಳಸಿದ್ದಪ್ಪನಿಗೆ ಗೊತ್ತಿದ್ದ ವಿಷಯ, ಆದರೆ ಎಷ್ಟು ಚೆನ್ನಾಗಿ ಮರೆತಿದ್ದ! ಪಿಎಚ್‌.ಡಿ.ಯ ಮೌಖಿಕ ಪರೀಕ್ಷೆಯ ದಿನ, ಹೊರಗಿಂದ ಬಂದ ಪರೀಕ್ಷಕರು ಬಾಗಿಲಲ್ಲಿ ನಿಂತಿದ್ದ ಅವನನ್ನು ಕಂಡು, “ಎರಡು ಕಾಫಿ ತಗೊಂಡ್ ಬಾಪ್ಪ, ಆ ಮರುಳಸಿದ್ದಪ್ಪ ಬಂದ್ರೆ ಒಳಗೆ ಕಳ್ಸು” ಎಂದಿದ್ದರು. ಅವನು ತಂದುಕೊಟ್ಟ. ಸಕ್ಕರೆ ಎಷ್ಟು ಎಂದೂ ಕೇಳಿದ. ಆಮೇಲೆ ಎದುರಿನ ಕುರ್ಚಿಯಲ್ಲಿ ಕೂತಾಗ ಅವರು ಮೊದಲ ಪ್ರಶ್ನೆ ಕೇಳುವುದಕ್ಕೇ ಐದು ನಿಮಿಷ ಹಿಡಿಯಿತು. ಪದವಿ ಸಿಕ್ಕ ಮರುದಿನದಿಂದ ಗಡ್ಡ ಬಿಟ್ಟ. ಅದು ಮೂರು ತಿಂಗಳಲ್ಲಿ ಇವನನ್ನು ಪ್ರೊಫೆಸರನಂತೆ ಮಾಡಿತು, ಒಂದು ವರ್ಷದಲ್ಲಿ ಋಷಿಯಂತೆ ಮಾಡಿತು. ಹೆಣ್ಣು ನೋಡಲು ಚಿಕ್ಕಲಸಂದ್ರಕ್ಕೆ ಹೋದಾಗ ಅಂಜನಾಳ ಅಜ್ಜಿ ಎದ್ದು ಕಾಲಿಗೇ ಬಿದ್ದುಬಿಟ್ಟಿದ್ದಳು.

ಮುಖವನ್ನು ಮುತ್ತುರಾಜನ ಸೋಪು ಸವೆಯುವಷ್ಟು ಸಲ ತೊಳೆಸಿಕೊಂಡು, ಕೈಚೀಲದಲ್ಲಿ ತಂದಿದ್ದ ಹೊಸ ಅಂಗಿಯನ್ನು ಅಂಗಡಿಯ ಪರದೆಯ ಹಿಂದೆ ತೊಟ್ಟು ಅವನು ಆಟೊ ಹತ್ತಿದ. ಗಾಳಿ ಕೆನ್ನೆಗೆ ನೇರವಾಗಿ ಬಡಿಯಿತು. ಗಾಳಿಗೆ ಇಷ್ಟು ಸಲಿಗೆ ಯಾರು ಕೊಟ್ಟರು? ಫೋನು ಅಲ್ಲಾಡಿತು. ಅಂಜನಾ.

“ತಿಂಡಿ ತಿನ್ನದೆ ಎಲ್ಲಿಗ್ರೀ ಹೋದ್ರಿ?”

“ಗಡ್ಡ ತೆಗೆಸ್ದೆ.”

ಆ ಕಡೆ ಕುಕ್ಕರಿನ ಸೀಟಿಯೊಂದೇ ಕೇಳಿಸಿತು. ಆಮೇಲೆ ಅವಳು ತಗ್ಗಿದ ದನಿಯಲ್ಲಿ ಕೇಳಿದಳು. “ಯಾಕ್ರೀ? ಕೆಲಸದಿಂದ ತೆಗೆದ್ರಾ?”

“ಇಲ್ವೇ.”

“ಮತ್ತೆ ಮೇಘಶ್ರೀನ ಕೇಳಿದ್ರಾ? ಅವರನ್ನ ಕೇಳ್ದೆ ಹೇಗ್ರೀ ತೆಗೆಸ್ತೀರ?”

ಅವನು ಫೋನು ಜೇಬಿಗಿಟ್ಟ. ಸ್ವಂತ ಹೆಂಡತಿಯ ಲೆಕ್ಕದಲ್ಲೂ ಗಡ್ಡ ಕಂಪನಿಯ ಆಸ್ತಿ.

ಹೊಸ ಲ್ಯಾಬಿನ ಬಾಗಿಲಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವಿತ್ತು. ಅವನು ಅದರ ಮುಂದೆ ನಿಂತ. ಯಂತ್ರ ಅವನನ್ನು ಮೇಲಿಂದ ಕೆಳಗೆ ನೋಡಿ, ಕೆಂಪಗಾಗಿ, ಕ್ಷಮಿಸಿ ಎಂದಿತು. ಮತ್ತೆ ನಿಂತ. ಮತ್ತೆ ಕ್ಷಮೆ. ಇಷ್ಟೊಂದು ಸಲ ಯಾರೂ ಅವನ ಕ್ಷಮೆ ಕೇಳಿರಲಿಲ್ಲ.

“ಅಂಕಲ್, ಅದು ಸ್ಟಾಫಿಗೆ,” ಸೆಕ್ಯುರಿಟಿಯವನು ಬಂದ. “ನೀವು ಯಾರನ್ನ ನೋಡ್ಬೇಕು?”

“ನಾನು ಮರುಳಸಿದ್ದಪ್ಪ—”

“ಮರುಳಸಿದ್ದಪ್ಪ ಸಾರ್ ಇನ್ನೂ ಬಂದಿಲ್ಲ. ಬರೋ ಹೊತ್ತಾಯ್ತು, ಕೂತ್ಕೊಳ್ಳಿ. ದೊಡ್ಡ ಗಡ್ಡ ಇದೆ ನೋಡಿ, ದೂರದಿಂದ್ಲೇ ಗೊತ್ತಾಗುತ್ತೆ.”

ಜಗಳ ಮಾಡಬಹುದಿತ್ತು. ಗಡ್ಡ ಇದ್ದಿದ್ದರೆ ಮಾಡುತ್ತಿದ್ದ. ಈಗ ಅವನು ಹೋಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ಕೂತವನು ಗೇಟಿನ ಕಡೆಗೇ ನೋಡತೊಡಗಿದ, ನಿಜವಾಗಿಯೂ ಮರುಳಸಿದ್ದಪ್ಪ ಬರಬಹುದೆಂಬಂತೆ, ಬಂದರೆ ಎದ್ದು ನಿಲ್ಲಬೇಕೆಂಬಂತೆ. ಅಷ್ಟರಲ್ಲಿ ಮೇಘಶ್ರೀ ಒಳಗಿಂದ ಬಂದು, ಅವನನ್ನು ದಾಟಿ ಗೇಟಿನವರೆಗೆ ಹೋಗಿ, ರಸ್ತೆ ನೋಡಿ, ತಿರುಗಿ ಬರುವಾಗ ಅವನ ಅಂಗಿಯ ಜೇಬಿನ ಗುರುತಿನ ಚೀಟಿಯ ಮೇಲೆ ಕಣ್ಣು ಬಿದ್ದು ನಿಂತಳು.

“ಸಾರ್... ಗಡ್ಡ ಎಲ್ಲಿ?”

ಕೊಡೆ ಎಲ್ಲಿ ಎಂದು ಕೇಳಿದಂತಿತ್ತು. “ತೆಗೆಸ್ದೆ,” ಎಂದ.

“ಎಲ್ಲಿ ತೆಗೆಸಿದ್ರಿ? ಕೂದ್ಲು ಅಲ್ಲೇ ಇದ್ಯಾ? ಯಾರನ್ನಾದ್ರೂ ಕಳಿಸ್ಲಾ?”

“ಗುಡಿಸಿಬಿಟ್ಟ. ನಾನೇ ಗುಡಿಸು ಅಂದೆ. ಮೇಘಶ್ರೀ, ನನ್ನ ಮೆಥೆಡ್ ಸರಿಯಾಗಿದೆ. ಗಡ್ಡದಿಂದ ಏನೂ ಆಗ್ತಿಲ್ಲ. ಇವತ್ತು ನಿಮಗೇ ಗೊತ್ತಾಗುತ್ತೆ.”

ಅವಳು ಅವನ ಹುಬ್ಬುಗಳನ್ನು ಸ್ವಲ್ಪ ಹೊತ್ತು ಆಸೆಯಿಂದ ನೋಡಿದಳು. ಆಮೇಲೆ ಗೋಡೆಗೆ ಒರಗಿಕೊಂಡು ಹೇಳಿದಳು. “ಸಾರ್, ನಿಮ್ಮ ಮೆಥೆಡ್ ಸರಿ ಇಲ್ಲ ಅಂತ ನಾನು ಯಾವತ್ತಾದ್ರೂ ಹೇಳಿದ್ನಾ? ಎರಡೂ ಇರ್ಲಿ ಅಂದೆ. ಮಳೆ ಬರಲ್ಲ ಅಂತ ಗೊತ್ತಿದ್ರೂ ಕೊಡೆ ತಗೊಂಡ್ ಹೋಗಲ್ವಾ ನಾವು?”

ದೊಡ್ಡ ಕಂಪನಿಯ ಮನುಷ್ಯ ಹೇಳಿದ ಹೊತ್ತಿಗೇ ಬಂದ. ಹೆಸರು ಡಾಕ್ಟರ್ ಸಿದ್ದಾರೂಢ, ಹುಬ್ಬಳ್ಳಿಯ ಕಡೆಯವನು. ಕಾರಿನಿಂದ ಮೊದಲು ಇಳಿದದ್ದು ಒಂದು ಬಿಳಿಯ ಗಡ್ಡ, ಇಳಿದು ಮುಗಿಯುವುದಕ್ಕೇ ಬಹಳ ಹೊತ್ತು ಹಿಡಿಯಿತು. ಅದರ ಮುಂದೆ ಮರುಳಸಿದ್ದಪ್ಪನ ಗಡ್ಡ ಬರೀ ಹಲ್ಲುಜ್ಜುವ ಬ್ರಷ್ಷು; ಅದು ಎದೆಯನ್ನು ದಾಟಿ, ಹೊಟ್ಟೆಯ ಮೇಲೆ ವಿಶ್ರಾಂತಿ ತೆಗೆದುಕೊಂಡು, ಬೆಲ್ಟಿನ ಹತ್ತಿರ ಎರಡಾಗಿ ಕವಲೊಡೆದಿತ್ತು. ಮೇಘಶ್ರೀಯ ಮುಖದಲ್ಲಿ ಬೆಳಗಿನಿಂದ ಹೋಗಿದ್ದ ರಕ್ತ ವಾಪಸು ಬಂತು.

“ನಮಸ್ಕಾರ್ರೀ. ಹೋದ ವಾರ ಅರೆಕೆರೀಗೆ ಬಂದಾಗ ನೀವು ರಜಾದಾಗಿದ್ರಿ ಅಂತ,” ಸಿದ್ದಾರೂಢ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. “ಏನ್ ಚಂದ ಹರಳ್ರೀ ಅವು! ನಾ ಅಂಗೈ ತುಂಬ ಸುರಕೊಂಡು ಮೂಸೇ ನೋಡಿದೆ. ಆಮ್ಯಾಲ ಎರಡ್ ದಿನ ಸೀನಿದ್ದೇ ಸೀನಿದ್ದು.”

ಅಂಗೈ ತುಂಬ. ಮೂಸಿ. ಮರುಳಸಿದ್ದಪ್ಪನ ಬೋಳು ಕೆನ್ನೆಯ ಮೇಲೆ ಬೆವರು ಅಡೆತಡೆಯಿಲ್ಲದೆ ಇಳಿಯಿತು. ಆ ಕಾಡಿನಲ್ಲಿ ಈಗ ಎಷ್ಟು ಕೋಟಿ ಹರಳಿನ ಕಣ ಅಡಗಿವೆಯೋ! ತಾನು ಮನೆಯನ್ನು ಗುಡಿಸಿ ಸಾರಿಸಿ ಕಾಯುತ್ತಿದ್ದರೆ ಬಾಗಿಲಲ್ಲೇ ಬಂದು ನಿಂತ ಅತಿಥಿ ಸ್ವತಃ ಧೂಳು.

“ಸಾರ್, ಒಳಗೆ ಹೋಗೋ ಮುಂಚೆ ಗಡ್ಡಕ್ಕೊಂದು ಜಾಲರಿ ಹಾಕ್ಕೊಂಡ್ರೆ...”

“ಇದಕ್ಕ?” ಸಿದ್ದಾರೂಢ ನಕ್ಕ. “ಮೀನ ಹಿಡಿಯೋ ಬಲೀನೇ ತರಬೇಕ್ರೀ ಡಾಕ್ಟ್ರ. ನಮ್ಮ ಮಠದ ಅಜ್ಜಾರ ಮುಂದನೂ ಮುಚ್ಚಿಲ್ಲ ಇದನ್ನ, ನಿಮ್ಮ ಗಾಜಿನ ಬುರಡೀ ಮುಂದ ಮುಚ್ಚಲೇನು?”

“ಬೇಡ ಸಾರ್, ಬೇಡ, ಹಾಗೇ ಬನ್ನಿ,” ಎಂದು ಮೇಘಶ್ರೀ ಮದುಮಗನನ್ನು ಮಂಟಪಕ್ಕೆ ಕರೆದೊಯ್ಯುವ ಭಾವಮೈದುನನಂತೆ ಅವನನ್ನು ಒಳಗೆ ಕರೆದೊಯ್ದಳು.

ಮುಂದಿನ ಹೊತ್ತು ಹೇಗೆ ಕಳೆಯಿತೆಂದು ಹೇಳಿದರೆ ನಂಬುವವರು ಕಡಿಮೆ. ಕುರುಕ್ಷೇತ್ರದಲ್ಲಿ ಕೂಡ ಒಂದು ಗಡ್ಡಕ್ಕೂ ಒಂದು ಪಾತ್ರೆಗೂ ನಡುವೆ ಅಂಥ ಕಾವಲು ನಡೆದಿಲ್ಲ. ಮದ್ದಿನ ದ್ರಾವಣ ತಣಿಯುತ್ತಿತ್ತು, ಮರುಳಸಿದ್ದಪ್ಪ ಇಳಿತದ ಪ್ರಕಾರ ಇಳಿಯುತ್ತಿತ್ತು, ಸ್ವಲ್ಪ ಹತ್ತುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಹೊರಮೈಗೆ ಮಂಜು ಕೂತು ಫ್ಲಾಸ್ಕಿನ ಗಾಜು ಮಬ್ಬಾಗಿತ್ತು. ಒಳಗೆ ಸರಿಯಾಗಿ ಕಾಣಬೇಕಾದರೆ ಮುಚ್ಚಳ ತೆಗೆದು ಬಾಯಿಯಿಂದಲೇ ಇಣುಕಬೇಕು. ಸಿದ್ದಾರೂಢ ಎಡಕ್ಕೆ ಬಂದರೆ ಇವನು ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಅವನು ಕತ್ತು ಚಾಚಿದರೆ ಇವನಿಗೆ ಅಲ್ಲೇ ಏನೋ ಒರೆಸುವ ಕೆಲಸ ನೆನಪಾಗುತ್ತಿತ್ತು. “ಮುಚ್ಚಿಟ್ರ ಏನ್ಕಾಣತೈತ್ರಿ?” ಎಂದರೆ “ಇನ್ನೂ ಕಾಣೋದೇನೂ ಇಲ್ಲ ಸಾರ್” ಎನ್ನುತ್ತಿದ್ದ. ಮೇಘಶ್ರೀ ಮಾತ್ರ, “ಇಲ್ಲಿ ಬನ್ನಿ ಸಾರ್, ಇಲ್ಲಿ ಬೆಳಕು ಚೆನ್ನಾಗಿದೆ, ಇನ್ನೂ ಸ್ವಲ್ಪ ಹತ್ತಿರ” ಎಂದು ಆ ಗಡ್ಡವನ್ನು ಅಂಗುಲ ಅಂಗುಲವಾಗಿ ಮುಂದಕ್ಕೆ ತರುತ್ತಿದ್ದಳು. ಗಾಜಿನ ಗೋಡೆಯ ಆಚೆ ಗುಂಪಿನವರೆಲ್ಲ ಉಸಿರು ಬಿಗಿಹಿಡಿದು ಸಾಲಾಗಿ ನಿಂತಿದ್ದರು. ಅವರ ಕಣ್ಣುಗಳು ಫ್ಲಾಸ್ಕಿನ ಮೇಲಿಲ್ಲ, ತನ್ನ ಬೋಳು ಮುಖದ ಮೇಲಿವೆ ಎನಿಸಿ ಅವನು ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಡೆಯ ಕಡೆಗೆ ತಿರುಗಿಸಿದ.

“ಬಿಡಿ ಸಾರ್, ಬಗ್ಲಿ,” ಮೇಘಶ್ರೀ ಅವನ ಪಕ್ಕಕ್ಕೆ ಬಂದು ಪಿಸುಗುಟ್ಟಿದಳು.

“ಬಗ್ಗಿದ್ರೆ ಪ್ರಯೋಗ ಕೆಟ್ಟೋಗುತ್ತೆ.”

“ಬಗ್ಗದಿದ್ರೆ ನಾವು ಕೆಟ್ಟೋಗ್ತೀವಿ.”

“ಇನ್ನೊಂದು ಸುತ್ತು, ಮೇಘಶ್ರೀ. ಒಂದೇ ಒಂದು ಸುತ್ತು ಕೊಡಿ ನನಗೆ. ಇಷ್ಟು ವರ್ಷದಲ್ಲಿ ಇದೊಂದು ಕೇಳ್ತಿದೀನಿ.”

ಅವಳು ಅವನ ಮುಖವನ್ನೇ ನೋಡಿದಳು. ಮೊದಲ ಸಲ ನೋಡುತ್ತಿರುವಂತೆ ನೋಡಿದಳು. ಮೊದಲ ಸಲವೇ ಆಗಿತ್ತು. “ಒಂದೇ ಸುತ್ತು ಸಾರ್,” ಎಂದವಳು ಸಿದ್ದಾರೂಢನನ್ನು ಕಿಟಕಿಯ ಕಡೆಗೆ ಕರೆದೊಯ್ದು, ಕಾಫಿ ತರಿಸಿ, ಹುಬ್ಬಳ್ಳಿಯ ಬಿಸಿಲಿನ ಬಗ್ಗೆ ಮಾತು ತೆಗೆದಳು. ಮರುಳಸಿದ್ದಪ್ಪ ತಣಿಸುವ ಯಂತ್ರದ ಗುಂಡಿ ಒತ್ತಿದ. ಹತ್ತುವುದು ಮುಗಿದು ದ್ರಾವಣ ಕೊನೆಯ ಸಲ ಇಳಿಯತೊಡಗಿತು. ಇವನು ಮುಚ್ಚಳ ತೆಗೆದು ಒಳಗೆ ನೋಡಿದ. ತಿಳಿ ನೀರು. ಅರೆಕೆರೆಯಲ್ಲಾದರೆ ಇಷ್ಟರಲ್ಲಿ ಬಂದಿರುತ್ತಿತ್ತು. ಇಲ್ಲಿ ಎಲ್ಲ ಹೊಸದು, ಸ್ವಲ್ಪ ತಡವಾಗುತ್ತದೆ, ಆಗಲೇಬೇಕು. ಹೆಪ್ಪಿಲ್ಲದ ಜಾಗದಲ್ಲಿ ಅಣುಗಳು ಒಂದನ್ನೊಂದು ತಾವೇ ಹುಡುಕಿಕೊಳ್ಳಬೇಕಲ್ಲ. ಹುಡುಕಿಕೊಳ್ಳಿರೋ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಯಾರ ಧೂಳೂ ಇಲ್ಲದೆ, ಯಾರ ಹೆಸರೂ ಇಲ್ಲದೆ, ಒಬ್ಬ ಗದ್ದವಿಲ್ಲದ ಮನುಷ್ಯ ಯೋಚಿಸಿದ್ದು ಸರಿ ಎಂಬ ಒಂದೇ ಕಾರಣಕ್ಕೆ ಸಾಲಾಗಿ ನಿಲ್ಲಿರೋ. ತಿಳಿ ನೀರು. ಅದರಲ್ಲಿ ಅವನದೇ ಮುಖ ಕಾಣುತ್ತಿತ್ತು, ಎರಡು ಕಾಫಿ ಹಿಡಿದು ಬಾಗಿಲಲ್ಲಿ ನಿಂತವನ ಮುಖ.

ಸಿದ್ದಾರೂಢ ಕಪ್ಪು ಕೆಳಗಿಟ್ಟ ಸದ್ದಾಯಿತು. “ಆತಲ್ರೀ ಮತ್ತ. ಬ್ಯಾಸರ ಮಾಡ್ಕೋಬ್ಯಾಡ್ರಿ. ಅರೆಕೆರಿಯೊಳಗ ಆಗೂದು ಎಲ್ಲಾ ಕಡೆ ಆಗಂಗಿಲ್ಲ. ನಾ ಹಂಗಽ ಬರದ ಕೊಡ್ತೀನಿ.” ಅವನು ಬಾಗಿಲ ಕಡೆಗೆ ಹೆಜ್ಜೆ ಹಾಕಿದ. ಗಾಜಿನ ಆಚೆ ಯಾರೋ ತಲೆ ತಗ್ಗಿಸಿದರು. ಮೇಘಶ್ರೀ ಕೊಟ್ಟ ಮಾತಿಗೆ ನಿಂತು ಮರುಳಸಿದ್ದಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ. ಇನ್ನು ಸ್ವಲ್ಪ ಹೊತ್ತು. ಐದು ನಿಮಿಷ, ಹತ್ತು ನಿಮಿಷ. ಬರುತ್ತದೆ. ಬಂದೇ ಬರುತ್ತದೆ. ಬರದಿದ್ದರೆ? ಆಗ ಆ ಕೋಣೆಯಲ್ಲಿ ಒಂದು ದನಿ ಕೇಳಿಸಿತು, ತೆಳ್ಳಗೆ, ಸಕ್ಕರೆ ಎಷ್ಟು ಎಂದು ಕೇಳುವವನ ವಿನಯದಲ್ಲಿ:

“ಸಾರ್, ಹೋಗೋ ಮುಂಚೆ ಒಂದೇ ಒಂದ್ಸಲ... ಹತ್ತಿರದಿಂದ ಬಗ್ಗಿ ನೋಡಿಬಿಡಿ.”

ಇಂಥ ಮಾತು ಆಡಿದವನು ಯಾರೆಂದು ಅವನು ಸುತ್ತ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

ಸಿದ್ದಾರೂಢ ವಾಪಸು ಬಂದ. ಈಗ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಮರುಳಸಿದ್ದಪ್ಪನೇ ಪಕ್ಕಕ್ಕೆ ಸರಿದು, ಜಾಗ ಮಾಡಿಕೊಟ್ಟು, ದೀಪವನ್ನು ಓರೆ ಮಾಡಿ ಹಿಡಿದ. ಆ ಬಿಳಿ ಗಡ್ಡ ಮೋಡದಂತೆ ಕೆಳಗಿಳಿಯಿತು. ಎಷ್ಟು ನಿಧಾನ! ಅದರ ಎರಡು ಕವಲು ಮೇಜಿಗೆ ತಾಗಿದವು, ಮಡಚಿಕೊಂಡವು, ಮೇಲೆ ಸರಿದವು, ಒಂದು ಒಂಟಿ ಕೂದಲು ಗಾಳಿಯಲ್ಲಿ ತೂಗಾಡಿ ಫ್ಲಾಸ್ಕಿನ ಅಂಚಿನ ಮೇಲೆ ಬಂದು—

“ಬಂತು!” ಮೇಘಶ್ರೀ ಕಿರುಚಿದಳು. “ಬಂತು ಸಾರ್, ಬಂತು!”

ಬಂದೇ ಬಿಟ್ಟಿತ್ತು. ಫ್ಲಾಸ್ಕಿನ ತುಂಬ ಬಿಳಿ, ಮಂಜು ಕೂತ ಗಾಜಿನ ಹೊರಗೂ ಕಾಣುವ ಬಿಳಿ. ಗಾಜಿನ ಬಾಗಿಲು ತಳ್ಳಿಕೊಂಡು ಗುಂಪಿನವರೆಲ್ಲ ಒಳಗೆ ನುಗ್ಗಿದರು, ಯಾರೋ ಯಾರನ್ನೋ ತಬ್ಬಿಕೊಂಡರು, ಜೆ.ಪಿ. ನಗರದ ಆ ಕಟ್ಟಡ ಚಪ್ಪಾಳೆಗೆ ಅರ್ಧ ಅಡಿ ನೆಲದೊಳಗೆ ಇಳಿಯಿತು. “ಎಲ್ಲಿ ಹೆಸರ್ರೀ ಹಾಕೂದು, ಪೆನ್ ಕೊಡ್ರಿ,” ಎಂದು ಸಿದ್ದಾರೂಢ ನಗುತ್ತಿದ್ದ. ಮರುಳಸಿದ್ದಪ್ಪ ಒಬ್ಬೊಬ್ಬರ ತೋಳು ಹಿಡಿದು ಕೇಳುತ್ತ ಹೋದ.

“ಎಲ್ಲಿಂದ ಶುರುವಾಯ್ತು? ತಳದಿಂದಲೋ, ಮೇಲಿಂದಲೋ? ನೋಡಿದ್ರಾ?” ತಳದಿಂದ ಎದ್ದಿದ್ದರೆ ಅದು ಅವನದು. ಮೇಲಿಂದ ಇಳಿದಿದ್ದರೆ ಗಡ್ಡದ್ದು. ಅಷ್ಟೇ ಗೊತ್ತಾದರೆ ಸಾಕಿತ್ತು.

“ತಳದಿಂದ ಸಾರ್,” ಎಂದ ಒಬ್ಬ, ಅವನ ಕೈ ಕುಲುಕುತ್ತ. “ಮೇಲಿಂದಲ್ವಾ?” ಎಂದಳು ಇನ್ನೊಬ್ಬಳು. “ಬಂತಲ್ಲ ಸಾರ್, ಬಿಡಿ,” ಎಂದಳು ಮೇಘಶ್ರೀ, ಕಣ್ಣೊರೆಸಿಕೊಳ್ಳುತ್ತ.

“ನಾಳೆ ಇನ್ನೊಂದ್ಸಲ ಮಾಡೋಣ. ಅವರಿಲ್ಲದಾಗ.”

“ಇನ್ನು ಇಲ್ಲಿ ಹೇಗೆ ಸಾರ್? ಇದೂ ಅರೆಕೆರೆ ಥರಾನೇ ಆಯ್ತಲ್ಲ ಈಗ. ಗಾಳೀಲೆಲ್ಲ ಹರಳು.”

ಅವನು ಸಿದ್ದಾರೂಢನ ಹತ್ತಿರ ಹೋದ. “ನೀವು ಬಗ್ಗಿದ್ರಲ್ಲ ಸಾರ್, ಎಲ್ಲರಿಗಿಂತ ಹತ್ತಿರ ನೀವೇ ಇದ್ದದ್ದು. ಎಲ್ಲಿಂದ ಬಂತು?”

“ನನಗೇನ್ ಕಂಡೀತ್ರೀ ಡಾಕ್ಟ್ರ,” ಸಿದ್ದಾರೂಢ ಒದ್ದೆಯಾದ ತುದಿಯನ್ನು ಹಿಂಡಿಕೊಳ್ಳುತ್ತ ಹೇಳಿದ. “ಗಡ್ಡ ಅಡ್ಡ ಬಂದಿತ್ತು. ಬಾಜೂಕ ದೀಪ ಹಿಡಕೊಂಡು ನೀವಽ ನಿಂತಿದ್ರಲ್ರಿ, ನೀವು ನೋಡ್ಲಿಲ್ಲೇನು?”

ಹೌದು, ಮರುಳಸಿದ್ದಪ್ಪ ನಿಂತಿದ್ದ. ಒಂದು ಗೇಣು ದೂರದಲ್ಲಿ, ದೀಪ ಅವನ ಕೈಯಲ್ಲೇ ಇತ್ತು, ಅಷ್ಟು ಒಳ್ಳೆಯ ಜಾಗ ಆ ಕೋಣೆಯಲ್ಲಿ ಇನ್ನೊಬ್ಬರಿಗೆ ಸಿಕ್ಕಿರಲಿಲ್ಲ. ಆದರೆ ಆ ಗಳಿಗೆಯಲ್ಲಿ ಅವನು ಫ್ಲಾಸ್ಕನ್ನು ನೋಡುತ್ತಿರಲಿಲ್ಲ. ಗಡ್ಡವನ್ನು ನೋಡುತ್ತಿದ್ದ.